ಗಂಜಿಯಲ್ಲಿ ಎದ್ದ ನೀಲಿ ಗೆರೆ

ಅನ್ನ ಬಸಿದು, ಗಂಜಿಯನ್ನು ಆರಲು ಬಿಟ್ಟು, ನಾನು ಮೀನಿನ ಪಾತ್ರೆ ತಿಕ್ಕುತ್ತಿದ್ದೆ. ಏಳು ವರ್ಷದ ಇಂಚರ ಆರಿದ ಗಂಜಿಯ ತಿಳಿಯನ್ನು ತಾನೇ ಬಟ್ಟಲಿಗೆ ಬಗ್ಗಿಸಿಕೊಂಡು, ತನ್ನ ಪುಟ್ಟ ಸ್ಟೀಲ್ ಚಮಚವನ್ನು ಅದರೊಳಗೆ ಅದ್ದಿದಳು. ಚಮಚ ಮುಳುಗಿದ ಕಡೆಯಿಂದ ಒಂದು ನೀಲಿ ಗೆರೆ ಎದ್ದಿತು. ಸುರುಳಿ ಸುತ್ತಿತು. ಮಸಿ ಚೆಲ್ಲಿದ ಹಾಗೆ ಬಿಳಿ ತಿಳಿಯ ತುಂಬ ಹರಡಿತು.

ಬೂದಿ ಮೆತ್ತಿದ ಕೈಯಲ್ಲೇ ಬಟ್ಟಲನ್ನು ಕಿತ್ತುಕೊಂಡೆ.

ಗಂಜಿಯನ್ನು ನೀಲಿ ಮಾಡುವ ವಸ್ತು ನಮ್ಮ ಮನೆಯಲ್ಲಿ ಒಂದೇ ಒಂದು ಇತ್ತು. ಅದು ಬೀಗ ಹಾಕಿದ ಗೂಡಿನೊಳಗೆ, ಕಪ್ಪು ಬಾಟಲಿಯಲ್ಲಿ ಇರಬೇಕಾಗಿತ್ತು. ಅವಳ ಬಾಯಿ ತೆರೆಸಿ ನಾಲಿಗೆ, ಹಲ್ಲು, ಗಂಟಲು ಎಲ್ಲ ನೋಡಿದೆ. ಎಲ್ಲೂ ಕಂದು ಕಲೆ ಇರಲಿಲ್ಲ. ಕುಡಿದೆಯಾ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸಿದಳು. ಚಮಚ ನೆಕ್ಕಿದೆಯಾ ಎಂದರೂ ಇಲ್ಲ. ಬಲಗೈಯ ಎರಡು ಬೆರಳು ಮಾತ್ರ ಕಂದು ಬಣ್ಣಕ್ಕೆ ತಿರುಗಿದ್ದವು. ಅವಳ ಕೈಯನ್ನು ಸೋಪು ಹಚ್ಚಿ ತೊಳೆದೆ.

ಅಷ್ಟರಲ್ಲಿ ಫೋನು ಬಂತು. ಹವಳ ಕೇಂದ್ರದಿಂದ ಲೋಪೀಸಣ್ಣ. ಬೆಳಗಿನ ಹೊತ್ತು ಅವರು ಫೋನು ಮಾಡುವುದು ಸಾಮಾನ್ಯವಾಗಿ ನಮ್ಮತ್ತೆಯ ಮೀನು ಸಾರು ಉಳಿದಿದೆಯೇ ಎಂದು ವಿಚಾರಿಸಲು. ಇವತ್ತು ಸಾರಿನ ಸುದ್ದಿ ಎತ್ತಲಿಲ್ಲ.

"ಸುಗಂಧಿ, ನಿಮ್ಮ ನಲವತ್ತೊಂದು ಬಾಯಿ ಮುಚ್ಕೊಂಡಿದೆ ಮಾರಾಯ್ತಿ. ಏಳು ಗಂಟೆಗೆ ನೂರಕ್ಕೆ ಎಂಬತ್ತು ತೆರೆದಿತ್ತು. ಈಗ ನೂರಕ್ಕೆ ಬರೀ ಒಂಬತ್ತು. ಎಂತ ಹಾಕಿದ್ರಿ ಅದಕ್ಕೆ?"

ನಲವತ್ತೊಂದು ಎಂದರೆ ನಮ್ಮ ಪಡಸಾಲೆಯ ಗಾಜಿನ ತೊಟ್ಟಿಯಲ್ಲಿರುವ ಹವಳ. ನಮ್ಮೂರಿನ ಎದುರಿಗೆ ನೇತ್ರಾಣಿ ದ್ವೀಪ. ಸಮುದ್ರ ಮಿತಿಮೀರಿ ಕಾದ ಆ ಎರಡು ಬೇಸಿಗೆಗಳಲ್ಲಿ ದ್ವೀಪದ ಸುತ್ತಲಿನ ಹವಳವೆಲ್ಲ ಸುಣ್ಣದ ಹಾಗೆ ಬೆಳ್ಳಗಾಗಿ ಸತ್ತಿತು. ಅದಕ್ಕೂ ಮೊದಲೇ ಕೇಂದ್ರದವರು ಒಂದೊಂದು ಜಾತಿಯಿಂದ ಒಂದೊಂದು ತುಂಡು ಮುರಿದು ತಂದಿದ್ದರು. ಎಲ್ಲವನ್ನೂ ಒಂದೇ ದೊಡ್ಡ ತೊಟ್ಟಿಯಲ್ಲಿ ಇಟ್ಟರೆ ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬಂದೀತು. ಅದಕ್ಕೇ ದಡದ ಅರವತ್ತಮೂರು ಮನೆಗಳಿಗೆ ಅರವತ್ತಮೂರು ತುಂಡು ಹಂಚಿದರು. ನೋಡಲು ಕಲ್ಲಿನಂತಿದ್ದರೂ ಹವಳ ಕಲ್ಲಲ್ಲ. ಸಾವಿರಾರು ಪುಟ್ಟ ಜೀವಗಳು ಸೇರಿ ಕಟ್ಟಿಕೊಂಡ ಕೇರಿ ಅದು. ಒಂದೊಂದು ಜೀವಕ್ಕೂ ಒಂದೊಂದು ಬಾಯಿ. ತೊಟ್ಟಿಯ ಮೇಲಿನ ಕ್ಯಾಮೆರಾ ನಿಮಿಷಕ್ಕೊಮ್ಮೆ ಆ ಬಾಯಿಗಳನ್ನು ಎಣಿಸಿ ಕೇಂದ್ರಕ್ಕೆ ಕಳಿಸುತ್ತದೆ.

ಈಗ ಮೂರು ವರ್ಷದಿಂದ ಸಮುದ್ರ ತಣ್ಣಗಿದೆ. ಹವಳಗಳನ್ನು ಮತ್ತೆ ದ್ವೀಪದ ಬುಡಕ್ಕೆ ಒಯ್ಯಲು ನಾಳೆ ಬೆಳಿಗ್ಗೆ ದೋಣಿ ಬರುವುದಿತ್ತು. ನನ್ನ ಗಂಡ ಮತ್ತು ಉಳಿದ ಮುಳುಗುಗಾರರು ದ್ವೀಪದ ಬುಡದಲ್ಲಿ ಕಬ್ಬಿಣದ ಚೌಕಟ್ಟುಗಳನ್ನು ನಿಲ್ಲಿಸುತ್ತ ಹತ್ತು ದಿನದಿಂದ ಅಲ್ಲೇ ಇದ್ದಾರೆ. ಇವತ್ತು ಸಂಜೆ ಐದಕ್ಕೆ ಯಾವ ಹವಳದಲ್ಲಿ ಅರ್ಧಕ್ಕಿಂತ ಕಡಿಮೆ ಬಾಯಿ ತೆರೆದಿರುತ್ತದೋ ಅದರ ಹೆಸರು ಪಟ್ಟಿಯಿಂದ ಹೋಗುತ್ತದೆ. ಮುಂದಿನ ದೋಣಿ ಯಾವಾಗ ಎಂದು ಹೇಳುವವರಿಲ್ಲ. ಅದೂ ಅಲ್ಲದೆ ನಲವತ್ತೊಂದರ ಜಾತಿಯ ಇನ್ನೊಂದು ತುಂಡು ಎಲ್ಲಿಯೂ ಉಳಿದಿಲ್ಲ. ಇವತ್ತು ಅದು ಸತ್ತರೆ ಒಂದು ಜಾತಿಯೇ ನನ್ನ ಪಡಸಾಲೆಯಲ್ಲಿ ಸತ್ತಂತೆ.

ಗೂಡಿನ ಬಾಗಿಲು ತೆರೆದೇ ಇತ್ತು. ಬಾಟಲಿ ಅಡ್ಡ ಬಿದ್ದು, ಕೆಳಗೆ ಹಾಸಿದ್ದ ಬಟ್ಟೆ ಕಂದಾಗಿ ಒದ್ದೆಯಾಗಿತ್ತು. ತೊಟ್ಟಿಗೆ ಎಷ್ಟು ಹೋಗಿದೆ, ಬಟ್ಟೆಗೆ ಎಷ್ಟು ಹೋಗಿದೆ ಎಂದು ಬಾಟಲಿ ನೋಡಿ ಹೇಳುವಂತಿರಲಿಲ್ಲ.

ಆ ಬಾಟಲಿಯಲ್ಲಿದ್ದದ್ದು ಅಯೋಡಿನ್. ಅದು ಹವಳಕ್ಕೆ ಬೇಕು. ಆದರೆ ಬೇಕಾಗುವುದು ಎಷ್ಟು? ಒಂದು ಲೀಟರ್ ಸಮುದ್ರದ ನೀರಿನಲ್ಲಿ ಇರುವುದು ಒಂದು ಮಿಲಿಗ್ರಾಮನ್ನು ನೂರು ಪಾಲು ಮಾಡಿದರೆ ಅದರಲ್ಲಿ ಆರು ಪಾಲು, ಅಷ್ಟೇ. ನಾವು ತೊಟ್ಟಿಯ ನೀರು ಮಾಡುವುದು ಆಗರದ ಉಪ್ಪಿನಿಂದ. ಬಿಸಿಲಿಗೆ ಉಪ್ಪು ಹರಳುಗಟ್ಟುವಾಗ ಅಯೋಡಿನ್ ಅದರ ಜೊತೆ ಬರುವುದಿಲ್ಲ, ಉಳಿದ ನೀರಿನಲ್ಲೇ ನಿಂತುಬಿಡುತ್ತದೆ. ಅದಕ್ಕೇ ಭಾನುವಾರಕ್ಕೊಮ್ಮೆ ನೀರು ಪರೀಕ್ಷೆ ಮಾಡಿ, ಕಡಿಮೆ ಬಂದರೆ ಮಾತ್ರ ಒಂದು ಹನಿ. ಅದನ್ನೂ ಒಂದು ಲೋಟ ತೊಟ್ಟಿಯ ನೀರಿಗೆ ಬೆರೆಸಿ ಅರ್ಧ ಇವತ್ತು, ಅರ್ಧ ನಾಳೆ. ಹವಳದ ಮೇಲೆ ನೇರ ಸುರಿಯಬಾರದು. ನೀರು ಜೋರಾಗಿ ತಿರುಗುವ, ತೊಟ್ಟಿಯ ಹಿಂದಿನ ಅಂಕಣಕ್ಕೆ ಹಾಕಬೇಕು. ಪರೀಕ್ಷೆ ಮಾಡದೆ ಅಂದಾಜಿಗೆ ಹಾಕಬಾರದು. ಇದನ್ನೆಲ್ಲ ಅರವತ್ತಮೂರು ಮನೆಗಳಿಗೂ ಹೋಗಿ ಹೇಳಿಕೊಟ್ಟವಳು ನಾನೇ. ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ ಎಂದು ಹೇಳಿದವಳೂ ನಾನೇ.

ಲೋಪೀಸಣ್ಣನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು, ಕೇಂದ್ರದಲ್ಲಿ ವಿಟಮಿನ್ ಸಿ ಇದೆ, ಬಂದು ತೆಗೆದುಕೊಂಡು ಹೋಗು ಎಂದರು.

ಮೊದಲು ತೊಟ್ಟಿಯ ನೀರು ಸೋಸುವ ಇದ್ದಿಲಿನ ಚೀಲ ತೆಗೆದು ಹೊಸದು ಹಾಕಿದೆ. ಯಾವಾಗಲೂ ತಯಾರಿಟ್ಟಿರುವ ಒಂದು ಡ್ರಮ್ ಉಪ್ಪು ನೀರಿತ್ತು. ಅದರ ಬಿಸುಪು, ಉಪ್ಪು ಎರಡನ್ನೂ ಅಳೆದು, ತೊಟ್ಟಿಯ ಇಪ್ಪತ್ತು ಲೀಟರ್ ಹಳೆ ನೀರು ತೆಗೆದು ಅಷ್ಟೇ ಹೊಸದು ತುಂಬಿಸಿದೆ. ನಂತರ ಪರೀಕ್ಷೆ. ಕೊಳವೆಯ ನೀರು ಬಣ್ಣದ ಪಟ್ಟಿಯ ಕೊನೆಯ ಚೌಕಕ್ಕಿಂತ ಗಾಢವಾಯಿತು. ಅಂದರೆ, ಮಿತಿ ಮೀರಿದೆ. ಎಷ್ಟು ಮೀರಿದೆ ಎಂದು ಹೇಳುವುದು ಆ ಪಟ್ಟಿಗೆ ಬರುವುದಿಲ್ಲ.

ಇಂಚರ ಅಷ್ಟು ಹೊತ್ತೂ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ನಾನು ಅವಳ ಎದುರು ಕುಕ್ಕರುಗಾಲಲ್ಲಿ ಕೂತು, ಬೈಯುವುದಿಲ್ಲ ಮಗಾ, ಎಷ್ಟು ಹಾಕಿದೆ ಅಂತ ಮಾತ್ರ ತೋರಿಸು ಎಂದೆ. ಅವಳು ತುಟಿ ಬಿಗಿದುಕೊಂಡು ಒಳಗೆ ಓಡಿ ಮಂಚದ ಕೆಳಗೆ ಸೇರಿಕೊಂಡಳು.

"ನೀನು ಹೀಂಗೆ ಮುದ್ದು ಮಾಡ್ತಾ ಇರು. ಸಮುದ್ರನೂ ಬತ್ತಿ ಹೋಗ್ತದೆ, ಇವಳು ಬಾಯಿ ಬಿಡೂದಿಲ್ಲ," ಎಂದರು ಅತ್ತೆ. ಮಾದೇವಿ ಅತ್ತೆ ನಲವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವರು. ಅವರ ಮಾತಿಗೆ ಮುಳ್ಳಿದೆ. ಆದರೆ ಬೈಯುತ್ತಲೇ ಅವರು ಮಂಚದ ಕೆಳಗೆ ಒಂದು ದಿಂಬು ತಳ್ಳುವುದನ್ನು ನೋಡಿದೆ.

ಕೇಂದ್ರ ಹತ್ತು ನಿಮಿಷದ ದಾರಿ. ಮೊದಲು ಅದು ಮೀನು ಹರಾಜಿನ ಕಟ್ಟೆಯಾಗಿತ್ತು. ಈಗ ಒಳಗೆ ಗೋಡೆಯುದ್ದ ಅರವತ್ತಮೂರು ಗೆರೆಗಳು ಹಸಿರಾಗಿ ಓಡುತ್ತಿರುತ್ತವೆ. ಮನೆಗೊಂದು ಗೆರೆ. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಆ ಗೆರೆಗಳ ಮುಂದೆ ಕೂತು ಯಾರ ಮನೆಯಲ್ಲಿ ಪಂಪು ನಿಂತಿದೆ, ಯಾರ ತೊಟ್ಟಿ ಕಾಯುತ್ತಿದೆ ಎಂದು ನೋಡುವುದು ನನ್ನ ಕೆಲಸ. ಎಷ್ಟೋ ಮನೆಗಳಿಗೆ ಫೋನು ಮಾಡಿ ಗದರಿದ್ದೇನೆ. ಇವತ್ತು ಅರವತ್ತೆರಡು ಗೆರೆಗಳು ತಲೆಯೆತ್ತಿ ಓಡುತ್ತಿದ್ದವು. ನನ್ನ ಮನೆಯದು ನೆಲಕ್ಕೆ ಮಲಗಿತ್ತು. ನೂರಕ್ಕೆ ಆರು.

ಲೋಪೀಸಣ್ಣ ಬೋಟಿನ ಇಂಜಿನ್ ರಿಪೇರಿ ಮಾಡಿಕೊಂಡಿದ್ದವರು, ಈಗ ಕೇಂದ್ರದ ಯಂತ್ರಗಳಿಗೆಲ್ಲ ಅವರೇ ದಿಕ್ಕು. ಗೋಡೆ ನೋಡುತ್ತಲೇ ವಿಟಮಿನ್ ಮಾತ್ರೆಯ ಡಬ್ಬಿಯನ್ನು ನನ್ನ ಮುಂದೆ ಇಟ್ಟರು. ವಿಟಮಿನ್ ಸಿ ಅಯೋಡಿನ್ನಿನ ಉರಿಯನ್ನು ಕಳೆದು ಅದನ್ನು ಸೌಮ್ಯ ರೂಪಕ್ಕೆ ತಿರುಗಿಸುತ್ತದೆ. ಅದು ನನಗೂ ಗೊತ್ತಿತ್ತು. ತೊಂದರೆ ಬೇರೆ. ಕಡಿಮೆ ಹಾಕಿದರೆ ಉರಿ ಉಳಿಯುತ್ತದೆ. ಹೆಚ್ಚು ಹಾಕಿದರೆ ನೀರು ಹುಳಿಯಾಗಿ, ಇದ್ದ ಪ್ರಾಣವಾಯುವೂ ಹೋಗಿ, ಉಳಿದ ಆರೂ ಮುಚ್ಚುತ್ತದೆ.

"ಎಷ್ಟು ಬಿತ್ತು ಅಂತ ಗೊತ್ತಿರೂದು ಒಂದು ಜೀವಕ್ಕೆ," ಎಂದರು ಲೋಪೀಸಣ್ಣ. "ಹೋಗಿ ಎರಡು ಗದರಿಸು. ಚಮಚವೋ, ಅರ್ಧ ಬಾಟಲಿಯೋ, ಹೇಳ್ತದೆ."

"ಗದರಿಸಿದ್ರೆ ಅವಳೂ ಬಾಯಿ ಮುಚ್ಕೊಳ್ತಾಳೆ, ಲೋಪೀಸಣ್ಣ. ಅದನ್ನು ತೆರೆಸೂಕೆ ನನ್ನ ಹತ್ರ ಮಾತ್ರೆ ಇಲ್ಲ."

ಅವರು ಡಬ್ಬಿಯನ್ನು ನನ್ನ ಕಡೆಗೆ ಸರಿಸಿದರು. ಇಂಚರ ನಮ್ಮ ಮನೆಗೆ ಬಂದ ದಿನ ಅವಳನ್ನು ಜೀಪಿನಿಂದ ಎತ್ತಿ ಇಳಿಸಿದವರು ಅವರೇ.

ನಾಲ್ಕು ವರ್ಷದ ಹಿಂದೆ, ಆ ದೊಡ್ಡ ಚಂಡಮಾರುತ ಉತ್ತರದ ಎರಡು ಕೇರಿಗಳನ್ನು ನುಂಗಿದ ಮೇಲೆ, ಉಳಿದ ಮಕ್ಕಳನ್ನು ಮನೆ ಮನೆಗೆ ಹಂಚಿದರು. ಹವಳ ಹಂಚಿದ್ದೂ ಅದೇ ವಾರ. ಒಂದೇ ಜೀಪು, ಒಂದೇ ದಿನ: ಒಂದು ಬಕೆಟ್ಟಿನಲ್ಲಿ ನಲವತ್ತೊಂದು, ಹಿಂದಿನ ಸೀಟಿನಲ್ಲಿ ಮೂರು ವರ್ಷದ ಮಗು. ಎರಡಕ್ಕೂ ಒಂದೊಂದು ಕಾರ್ಡು. ಆ ಕಾರ್ಡುಗಳನ್ನು ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪಡಸಾಲೆಯ ಮೊಳೆಗೆ ತೂಗುಹಾಕಿದ್ದೆ. ಗೂಡಿನ ಬೀಗದ ಕೈ ಸಹ ಅದೇ ಕವರಿನಲ್ಲಿ. ಮಗುವಿನ ಕೈಗೆ ಅಷ್ಟು ಎತ್ತರ ಎಟುಕದು ಎಂದುಕೊಂಡಿದ್ದೆ. ಮಕ್ಕಳು ಬೆಳೆಯುತ್ತಾರೆ ಎಂಬುದನ್ನು ಮರೆತಿದ್ದೆ.

ಅವಳ ಕಡೆಯವರು ಎಂದು ಯಾರೂ ಬರಲಿಲ್ಲ. ಅವಳ ಗಂಟಲಿನ ಗ್ರಂಥಿ ಸರಿಯಾಗಿ ಕೆಲಸ ಮಾಡುವುದಿಲ್ಲ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ಕೊಟ್ಟು, ನೀರು ಕುಡಿಸಿ, ಅರ್ಧ ಗಂಟೆ ಕಾದು ಗಂಜಿ ಕೊಡುವುದು ನಮ್ಮ ರೂಢಿ. ಮಾತು ತಡವಾಗಿ ಬಂತು. ಈಗಲೂ ಏನನ್ನಾದರೂ ಕೇಳಬೇಕೆಂದರೆ ನಾಲ್ಕು ದಿನ ಒಳಗೇ ಇಟ್ಟುಕೊಂಡು ತಿರುಗುತ್ತಾಳೆ. ಈ ವಾರವೂ ಹಾಗೇ ತಿರುಗುತ್ತಿದ್ದಳು. ನಾನು ದೋಣಿಯ ಗಡಿಬಿಡಿಯಲ್ಲಿದ್ದೆ.

ಮನೆಗೆ ವಾಪಸು ನಡೆಯುವಾಗ ಬೆಳಗಿನ ಆ ನೀಲಿ ಗೆರೆ ಕಣ್ಣ ಮುಂದೆ ಬಂತು. ನಡಿಗೆ ಓಟವಾಯಿತು. ಎಷ್ಟು ಬಿದ್ದಿದೆ ಎಂದು ಮಗು ಹೇಳಬೇಕಾಗಿಯೇ ಇಲ್ಲ. ಗಂಜಿ ಹೇಳುತ್ತದೆ.

ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಲೋಟ ತೊಟ್ಟಿಯ ನೀರಿಟ್ಟು, ಅದಕ್ಕೆ ಎರಡು ಚಮಚ ತಣ್ಣನೆಯ ಗಂಜಿಯ ತಿಳಿ ಹಾಕಿದೆ. ಸ್ವಲ್ಪ ಹೊತ್ತಿಗೆ ನೀರು ಮಳೆಗಾಲದ ಮೊದಲ ಮೋಡದಷ್ಟು ತೆಳುವಾಗಿ ನೀಲಿಯಾಯಿತು. ಒಂದು ವಿಟಮಿನ್ ಮಾತ್ರೆಯನ್ನು ಪುಡಿ ಮಾಡಿ ಒಂದು ಲೀಟರ್ ನೀರಿನಲ್ಲಿ ಕರಗಿಸಿ, ಡ್ರಾಪರಿನಿಂದ ಹನಿ ಹನಿಯಾಗಿ ಲೋಟಕ್ಕೆ ಬಿಡತೊಡಗಿದೆ. ನೀಲಿ ಎಷ್ಟನೆಯ ಹನಿಗೆ ಮಾಯವಾಗುತ್ತದೋ ಅಲ್ಲಿಗೆ ಒಂದು ಲೋಟದ ಉರಿ ಕಳೆದಂತೆ. ನಮ್ಮ ತೊಟ್ಟಿ ಅಂಥ ಆರುನೂರು ಲೋಟ.

ಐದನೆಯ ಹನಿಯ ಹೊತ್ತಿಗೆ ನನ್ನ ಮೊಣಕೈಯ ಪಕ್ಕ ಬೆಚ್ಚಗೆ ಉಸಿರು ತಾಗಿತು. ಇಂಚರ ಮಂಚದ ಕೆಳಗಿಂದ ಎದ್ದು ಬಂದಿದ್ದಳು. ಕೂದಲ ತುಂಬ ಧೂಳು. ನಾನು ಏನೂ ಕೇಳದೆ ಹನಿ ಬಿಡುತ್ತ ಹೋದೆ. ಅವಳು ಹನಿಗೊಂದು ಬೆರಳು ಮಡಚುತ್ತಿದ್ದಳು. ಹನ್ನೆರಡನೆಯ ಹನಿ ಬಿದ್ದು ಲೋಟ ಅಲ್ಲಾಡಿಸಿದಾಗ ನೀಲಿ ಪೂರ್ತಿ ಹೋಗಿತ್ತು. ಇನ್ನೊಂದು ಲೋಟಕ್ಕೂ ಮಾಡಿದೆವು. ಹನ್ನೊಂದು. ಮತ್ತೊಂದು, ಹನ್ನೆರಡು.

ಫೋನಿನಲ್ಲಿ ಲೋಪೀಸಣ್ಣ ಲೆಕ್ಕ ಹಾಕಿದರು. ಆರುನೂರು ಲೋಟಕ್ಕೆ ಹನ್ನೆರಡರಂತೆ ಏಳು ಸಾವಿರದ ಇನ್ನೂರು ಹನಿ. ಒಂದು ಮಿಲಿಲೀಟರಿಗೆ ಇಪ್ಪತ್ತು ಹನಿ. ಅಂದರೆ ಆ ಲೀಟರಿನಲ್ಲಿ ಮುನ್ನೂರ ಅರವತ್ತು ಮಿಲಿಲೀಟರ್. ಮೂರನೇ ಒಂದು ಪಾಲಿಗಿಂತ ಒಂಚೂರು ಜಾಸ್ತಿ. ಡಬ್ಬಿಯಲ್ಲಿದ್ದದ್ದನ್ನು ಕಣ್ಣಂದಾಜಿಗೆ ಸುರಿದಿದ್ದರೆ ಏನಾಗುತ್ತಿತ್ತು ಎಂದು ನಮಗಿಬ್ಬರಿಗೂ ಗೊತ್ತಿತ್ತು. ಒಂದು ಚಮಚದಷ್ಟು ಬಿದ್ದಿರಬೇಕು ಎಂದರು ಅವರು. ನೂರು ವಾರದ್ದು ಒಂದೇ ಸಲಕ್ಕೆ.

ಅಷ್ಟನ್ನೂ ಒಟ್ಟಿಗೆ ಹಾಕಲಿಲ್ಲ. ಹಿಂದಿನ ಅಂಕಣಕ್ಕೆ ಸಣ್ಣ ಧಾರೆ ಬಿಟ್ಟು, ಗಾಳಿಯ ಕೊಳವೆ ಇನ್ನೊಂದು ಸೇರಿಸಿ, ಒಂದು ಗಂಟೆ ಹಿಡಿದು ಇಳಿಸಿದೆ. ನಡುನಡುವೆ ಲೋಟದಲ್ಲಿ ಗಂಜಿ ಬೆರೆಸಿ ನೋಡಿದೆ. ಹತ್ತೂಮುಕ್ಕಾಲಿಗೆ ಗಂಜಿ ಬೆಳ್ಳಗೆ ಉಳಿಯಿತು. ಉರಿ ಹೋಯಿತು, ಆದರೆ ಅಯೋಡಿನ್ ಸೌಮ್ಯ ರೂಪದಲ್ಲಿ ಇನ್ನೂ ನೀರಿನಲ್ಲೇ ಇದೆ. ಅದನ್ನು ಇಳಿಸಲು ನೀರು ಬದಲಿಸುತ್ತಲೇ ಇರಬೇಕು. ಪಕ್ಕದ ಮೂರು ಮನೆಯವರು ತಮ್ಮ ತಮ್ಮ ಡ್ರಮ್ ಹೊತ್ತು ತಂದರು. ಅವರೆದುರು ಯಾರು ಹಾಕಿದ್ದು ಎಂಬ ಮಾತು ಬಂದಾಗ ಅತ್ತೆ, ನನ್ನ ಕಣ್ಣು ಸರಿ ಕಾಣೂದಿಲ್ಲ ಅಲ್ದಾ, ಔಷಧ ಅಂದ್ಕೊಂಡೆ ಎಂದುಬಿಟ್ಟರು. ಅತ್ತೆಯ ಕಣ್ಣು ಅಂಗಳದಾಚೆ ಬುಟ್ಟಿಯಲ್ಲಿರುವ ಬಂಗುಡೆ ಮೀನು ನಿನ್ನೆಯದೋ ಇವತ್ತಿನದೋ ಹೇಳುತ್ತದೆ.

ಹನ್ನೆರಡು ಗಂಟೆಗೆ ಸಂಖ್ಯೆ ಐದು. ಒಂದು ಗಂಟೆಗೂ ಐದು. ನಾನು ಬಟ್ಟೆ ಒಗೆದೆ, ಅಂಗಳ ಗುಡಿಸಿದೆ, ಮತ್ತೆ ಬಂದು ನೋಡಿದೆ. ಹವಳದ ಮೇಲೆ ಲೋಳೆಯ ತೆಳು ಪೊರೆ ಬಂದಿತ್ತು. ನೋವಾದಾಗ ಅದು ಹೊದ್ದುಕೊಳ್ಳುವ ಹೊದಿಕೆ ಅದು. ಅದರಡಿ ಸಾವಿರ ಬಾಯಿಗಳು ಬಿಗಿದುಕೊಂಡು ಕೂತಿದ್ದವು. ಇಂಚರ ಗಾಜಿಗೆ ಹಣೆ ಒತ್ತಿ ನಿಂತವಳು ಊಟಕ್ಕೂ ಬರಲಿಲ್ಲ. ತಟ್ಟೆಯನ್ನು ಅಲ್ಲಿಗೇ ತಂದು ತುತ್ತು ಕೊಟ್ಟೆ.

ಇಷ್ಟು ಪ್ರೀತಿಯಿರುವವಳು ಯಾಕೆ ಹೀಗೆ ಮಾಡಿದಳು ಎಂದು ನನಗೆ ನಾನೇ ಉತ್ತರ ಕೊಟ್ಟುಕೊಂಡಿದ್ದೆ. ಹೋದ ಭಾನುವಾರ ಲೋಪೀಸಣ್ಣ ನಮ್ಮ ಜಗಲಿಯಲ್ಲಿ ಕೂತು ಪಟ್ಟಿ ಓದುವಾಗ ಇವಳು ಅಲ್ಲೇ ಆಡುತ್ತಿದ್ದಳು. "ಹುಷಾರಿದ್ದದ್ದು ಹೋಗ್ತದೆ. ಹುಷಾರಿಲ್ಲದ್ದು ಇದ್ದ ಮನೆಯಲ್ಲೇ ಉಳೀತದೆ," ಎಂದಿದ್ದರು ಅವರು. ಅದನ್ನು ಕೇಳಿ, ನಮ್ಮದು ಇನ್ನಷ್ಟು ಹುಷಾರಾಗಲಿ ಎಂದು ಮಗು ಔಷಧ ಹಾಕಿರಬೇಕು. ಆ ಉತ್ತರ ನನಗೆ ಹಿತವಾಗಿತ್ತು. ಅದಕ್ಕೇ ಅದನ್ನು ತಿರುಗಿಸಿ ನೋಡಲಿಲ್ಲ.

ಎರಡೂವರೆಗೆ ಹದಿನಾಲ್ಕು. ಪೊರೆ ಒಂದು ಅಂಚಿನಿಂದ ಸುಲಿದು ನೀರಿನಲ್ಲಿ ತೇಲಿಹೋಯಿತು. ಮೂರಕ್ಕೆ ಇಪ್ಪತ್ತೆರಡು. ಮೂರೂವರೆಗೆ ಹತ್ತೊಂಬತ್ತಕ್ಕೆ ಇಳಿಯಿತು. ನಾಲ್ಕಕ್ಕೆ ಮೂವತ್ತೈದು. ನಾಲ್ಕೂವರೆಗೆ ನಲವತ್ತನಾಲ್ಕು. ಒಂದೊಂದಾಗಿ ಹಸಿರು ಕುಡಿಗಳು ಹೊರಬಂದು ನೀರಿನ ಓಟಕ್ಕೆ ಬಾಗತೊಡಗಿದವು. ಅತ್ತೆ ಜಪಮಣಿ ಹಿಡಿದವರ ಹಾಗೆ ಎಲೆ ಅಡಿಕೆಯ ಚೀಲ ಹಿಡಿದು ಕೂತಿದ್ದರು, ಬಾಯಿಗೆ ಹಾಕಿಕೊಂಡಿರಲಿಲ್ಲ.

ಐದಕ್ಕೆ ಸರಿಯಾಗಿ ಫೋನು.

"ಐವತ್ತಮೂರು," ಎಂದರು ಲೋಪೀಸಣ್ಣ. "ಪಟ್ಟಿಯಲ್ಲಿ ಉಳೀತು. ನಾಳೆ ಆರೂವರೆಗೆ ದೋಣಿ ಬರ್ತದೆ, ತಯಾರು ಮಾಡಿ ಇಡಿ. ನಿಮ್ಮತ್ತೆಗೆ ಹೇಳು, ಇವತ್ತಿನ ಸಾರು ನಂಗೆ."

ನಾನು ನೆಲದ ಮೇಲೆ ಕೂತು ನಕ್ಕೆ. ಹೋಗ್ತದಂತೆ ಮಗಾ, ನಾಳೆ ದೋಣಿಯಲ್ಲಿ ನಮ್ಮದೂ ಹೋಗ್ತದಂತೆ ಎಂದು ಇಂಚರಳನ್ನು ಹತ್ತಿರ ಎಳೆದುಕೊಂಡೆ. ಅವಳ ಮೈ ಮರದ ಹಾಗೆ ಬಿಗಿಯಿತು. ಗಾಜಿನಲ್ಲಿ ಅವಳ ಮುಖ ಕಂಡಿತು. ಅದರಲ್ಲಿ ಸಂತೋಷ ಇರಲಿಲ್ಲ. ಕಣ್ಣು ತುಂಬಿ ಹರಿಯುತ್ತಿತ್ತು, ಸದ್ದಿಲ್ಲದೆ.

ಒಳ್ಳೆಯದಾದದ್ದಕ್ಕೆ ಅಳುತ್ತಾಳೆ ಎಂದುಕೊಂಡೆ, ಅದೂ ಒಂದು ಕ್ಷಣ ಮಾತ್ರ. ತೊಟ್ಟಿಗೆ ಏನು ಹಾಕಿದರೂ ಅದನ್ನು ಅದರ ಕಾರ್ಡಿನಲ್ಲಿ ಬರೆಯಬೇಕು, ಅದು ನಿಯಮ. ನಾನು ಏನಾದರೂ ಕೆಲಸ ಮಾಡುತ್ತಿದ್ದರೆ ಅವಳಿಗೆ ಅಳಲು ಸಮಯ ಸಿಗುತ್ತದೆ ಎಂದು ಎದ್ದು ಮೊಳೆಯ ಕವರನ್ನು ಇಳಿಸಿದೆ. ಕವರಿನ ತಳದಲ್ಲಿ ಏನೋ ಗಲಗಲ ಎಂದಿತು. ಅಂಗೈಗೆ ಸುರಿದೆ. ಸಣ್ಣ ಬಿಳಿ ಮಾತ್ರೆಗಳು. ಭಾನುವಾರದಿಂದ ನಾನು ದಿನಾ ಬೆಳಿಗ್ಗೆ ಇಂಚರಳಿಗೆ ನಂಬಿಕೆಯಿಂದ ಕೊಟ್ಟು, ನೀರು ಕುಡಿಸಿ, ಬೆನ್ನು ತಿರುಗಿಸಿದ್ದ ಮಾತ್ರೆಗಳು. ಐದು ಇದ್ದವು.

ಎರಡು ಕಾರ್ಡನ್ನೂ ಹೊರಗೆಳೆದೆ. ಕಾರ್ಡಿನ ಕಾಗದಕ್ಕೆ ಗಂಜಿ ಹಾಕಿ ಗಟ್ಟಿ ಮಾಡಿರುತ್ತಾರೆ. ಅದಕ್ಕೆ ಅಯೋಡಿನ್ ತಾಗಿದರೆ ನೀಲಿಯಾಗುತ್ತದೆ. ನಲವತ್ತೊಂದರ ಕಾರ್ಡಿನಲ್ಲಿ ಒಂದು ಪದದ ಕೆಳಗೆ ಎಳೆಯ ಬೆರಳಿನ ನೀಲಿ ಗುರುತಿತ್ತು, ಅಕ್ಷರ ಅಕ್ಷರಕ್ಕೂ ತಡವರಿಸಿ ಮುಂದೆ ಹೋದ ಗುರುತು. ತಾತ್ಕಾಲಿಕ ಆಶ್ರಯ. ಇನ್ನೊಂದು ಕಾರ್ಡಿನಲ್ಲಿ ಇಂಚರಳ ಮೂರು ವರ್ಷದ ಫೋಟೋ. ಅದರ ಕೆಳಗೆ ಅದೇ ಪದ, ಪದದ ಕೆಳಗೆ ಅದೇ ನೀಲಿ ಬೆರಳು. ಹುಷಾರಿಲ್ಲದ್ದು ಇದ್ದ ಮನೆಯಲ್ಲೇ ಉಳೀತದೆ ಎಂದಿದ್ದರಲ್ಲ ಲೋಪೀಸಣ್ಣ.

ನಾಲ್ಕು ವರ್ಷ ನಾನು ಆ ಪದವನ್ನು ಅಲ್ಲೇ ಬಿಟ್ಟಿದ್ದೆ. ಬದಲಿಸಿಕೊಡಿ ಎಂದು ಕಚೇರಿಗೆ ಹೋದರೆ ಕಡತ ತೆರೆಯುತ್ತಾರೆ, ಕಡತ ತೆರೆದರೆ ಎಲ್ಲಿಂದಲೋ ಯಾರೋ ಬಂದು ಇವಳು ನಮ್ಮವಳು ಎಂದಾರು ಎಂಬ ಹೆದರಿಕೆಯಿಂದ. ಇಂಚರ ಅಕ್ಷರ ಕೂಡಿಸಿ ಓದಲು ಈ ವರ್ಷವಷ್ಟೇ ಕಲಿತಿದ್ದಳು. ನಾನೇ ಕಲಿಸಿದ್ದೆ.

ಕಾರ್ಡುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅವಳ ಪಕ್ಕದಲ್ಲಿ ಕೂತೆ. ಅತ್ತೆ ಎಲೆ ಅಡಿಕೆಯ ಚೀಲವನ್ನು ಮೆಲ್ಲಗೆ ಕೆಳಗಿಟ್ಟು ಒಳಗೆ ಹೋದರು. ತೊಟ್ಟಿಯಲ್ಲಿ ಪಂಪು ಗುಂಯ್‌ಗುಡುತ್ತಿತ್ತು, ಕುಡಿಗಳು ಅತ್ತ ಇತ್ತ ಬಾಗುತ್ತಿದ್ದವು. ಇಂಚರ ಮೂಗು ಒರೆಸಿಕೊಂಡಳು. ಒಂದು ಸಲ ನನ್ನ ಮಡಿಲಿನ ಕಾರ್ಡು ನೋಡಿದಳು, ಒಂದು ಸಲ ಬಾಗಿಲಾಚೆಯ ಸಮುದ್ರ ನೋಡಿದಳು. ಆಮೇಲೆ, ಐದು ದಿನದಿಂದ ಒಳಗೆ ಹೊತ್ತು ತಿರುಗಿದ್ದನ್ನು, ನಾಳೆಯ ಊಟಕ್ಕೆ ಏನು ಎಂದು ಕೇಳುವಷ್ಟು ಮೆಲ್ಲಗೆ ಕೇಳಿದಳು.

"ಅಮ್ಮಾ, ನನ್ನ ದೋಣಿ ಯಾವತ್ತು ಬರೂದು?"